ಫ್ಯಾನು ತಿರುಗಿತು, ದೀಪ ಹತ್ತಲಿಲ್ಲ: ಗದಗ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಎಂಜಿನಿಯರಿಂಗ್ ಪರಿಚಯ

ಗದಗ ಜಿಲ್ಲೆಯಲ್ಲಿ ಕಪ್ಪತಗುಡ್ಡದ ಸಾಲಿನ ಸುತ್ತಮುತ್ತಲ ಹಳ್ಳಿಗಳ ಮಕ್ಕಳಿಗೆ ಗಾಳಿಯಂತ್ರ ಹೊಸದಲ್ಲ. ಶಾಲೆಗೆ ಬರುವಾಗ, ಹೊಲಕ್ಕೆ ಬುತ್ತಿ ಒಯ್ಯುವಾಗ ಅದು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಅದರ ಹೊಟ್ಟೆಯೊಳಗೆ ಏನಿದೆ, ಅದನ್ನು ಲೆಕ್ಕ ಹಾಕಿ ಕಟ್ಟುವವರು ಯಾರು ಎಂದು ಮಾತ್ರ ಅವರಿಗೆ ಯಾರೂ ಹೇಳಿರುವುದಿಲ್ಲ. ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜೊಂದರ ತಂಡ ಇಂಥ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯ 9ನೇ ತರಗತಿಗೆ ಎರಡು ಬಾರಿ ಹೋಗಿಬಂದ ಪ್ರಕರಣ ಇದು. ಮೊದಲ ಭೇಟಿ ಕೆಟ್ಟಿತು, ಎರಡನೆಯದು ಫಲಿಸಿತು. ಈ ಭಾಗದ ಶಾಲಾ ಭೇಟಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಸನ್ನಿವೇಶವಾಗಿ ಹೆಣೆದಿದ್ದೇವೆ. ಆದ್ದರಿಂದ ಶಾಲೆ, ಕಾಲೇಜುಗಳಿಗೆ ಹೆಸರಿಲ್ಲ. ಅಳತೆ, ಲೆಕ್ಕ, ಸಾಮಾನು ಮಾತ್ರ ಇದ್ದಂತೆ ಇವೆ, ಬೇಕಾದವರು ಹಾಗೆಯೇ ಬಳಸಬಹುದು.

9ನೇ ತರಗತಿಯನ್ನೇ ಆರಿಸಿದ್ದಕ್ಕೆ ಕಾರಣ ಸರಳ. 10ನೇ ತರಗತಿಯ ಮಕ್ಕಳ ಒಂದು ದಿನವನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಭಯದ ನಡುವೆ ಯಾವ ಮುಖ್ಯೋಪಾಧ್ಯಾಯರೂ ಬಿಟ್ಟುಕೊಡಲಾರರು. 9ರಲ್ಲಿ ಕೆಲಸ ಮತ್ತು ಶಕ್ತಿಯ ಪಾಠ ಇರುತ್ತದೆ, ಮರುವರ್ಷ ವಿದ್ಯುತ್ತಿನ ಪಾಠ ಬರುತ್ತದೆ. ಗಾಳಿಯಂತ್ರ ಇವೆರಡರ ನಡುವೆ ಚೆನ್ನಾಗಿ ಕೂರುತ್ತದೆ.

ಮೊದಲ ಭೇಟಿ

ಬೆಳಿಗ್ಗೆ 11ಕ್ಕೆ ಶುರು, ಮಧ್ಯಾಹ್ನ 1ಕ್ಕೆ ಬಿಸಿಯೂಟದ ಗಂಟೆ. ಕೈಯಲ್ಲಿದ್ದದ್ದು ಎರಡೇ ತಾಸು. ಅದರಲ್ಲಿ 50 ನಿಮಿಷ ಪ್ರೊಜೆಕ್ಟರಿನ ಪಾಲಾಯಿತು: ಸಿವಿಲ್ ಎಂದರೇನು, ಮೆಕ್ಯಾನಿಕಲ್ ಎಂದರೇನು, ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಏನು ಕೆಲಸ ಸಿಗುತ್ತದೆ. ಆಮೇಲೆ 20 ನಿಮಿಷ ಅಂಗಳದಲ್ಲಿ ಡ್ರೋನ್ ಹಾರಿತು. ಮಕ್ಕಳು ಕೇಕೆ ಹಾಕಿದರು, ಫೋಟೋ ಚೆನ್ನಾಗಿ ಬಂತು. ಕೈಯಿಂದ ಮಾಡುವ ಕೆಲಸಕ್ಕೆ ಉಳಿದದ್ದು ಹೆಚ್ಚೆಂದರೆ 50 ನಿಮಿಷ. ಸಾಮಾನು ಹಂಚಿ, ಗುಂಪು ಮಾಡುವುದರಲ್ಲಿ ಅದರಲ್ಲೂ 15 ಹೋಯಿತು.

48 ಮಕ್ಕಳು, 6 ಮಕ್ಕಳ 8 ಗುಂಪು. ಪ್ರತಿ ಗುಂಪಿಗೆ ಆಟಿಕೆ ಕಾರಿನಲ್ಲಿ ಇರುತ್ತದಲ್ಲ, ಆ ಸಣ್ಣ 3 ವೋಲ್ಟ್ ಮೋಟಾರ್ ಒಂದು, ಬಿಳಿ ಎಲ್‌ಇಡಿ ಒಂದು, ಕತ್ತರಿಸಿಟ್ಟ ರೆಕ್ಕೆ ಮೂರು. ಸ್ಟ್ಯಾಂಡ್ ಫ್ಯಾನಿನ ಮುಂದೆ ಹಿಡಿದಾಗ ಎಂಟರಲ್ಲಿ ಐದು ತಿರುಗಿದವು. ಒಂದರಲ್ಲೂ ದೀಪ ಹತ್ತಲಿಲ್ಲ.

"ಸರ್ರ, ತಿರುಗಾಕ ತಿರುಗತೈತಿ, ಲೈಟ ಹತ್ತವಲ್ತು" ಎಂದು ಗುಂಪು ಗುಂಪಿನಿಂದ ಕೂಗು ಬಂತು. ಒಬ್ಬ ಹುಡುಗಿ ಕಿಟಕಿಯಾಚೆಯ ಗುಡ್ಡ ತೋರಿಸಿ ಕೇಳಿದ ಪ್ರಶ್ನೆ ಇಡೀ ದಿನದ ತೂಕದ್ದು: "ಆ ದೊಡ್ಡ ಫ್ಯಾನ್ ಎಷ್ಟ ಸಾವಕಾಶ ತಿರುಗತೈತಿ. ನಮ್ದ ಅದಕ್ಕಿಂತ ಜೋರ್ ತಿರುಗತೈತಿ. ಅದರಾಗ ಕರೆಂಟ ಬರತೈತಿ, ನಮ್ದರಾಗ ಯಾಕ ಬರವಲ್ತ್ರೀ?" ತಂಡದ ವಿದ್ಯಾರ್ಥಿ "ಅದು ದೊಡ್ಡದು, ಇದು ಸಣ್ಣದು" ಎಂದ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು.

ಪ್ರಶ್ನೆಗೆ ಅದು ಉತ್ತರವಲ್ಲ. ಹೇಳಿದವನಿಗೂ ಅದು ಗೊತ್ತಿತ್ತು. ತಿರುಗಿ ಹೋಗುವಾಗ ವ್ಯಾನಿನಲ್ಲಿ ನಡೆದ ಮಾತಿನಿಂದಲೇ ಎರಡನೆಯ ಭೇಟಿಯ ಯೋಜನೆ ಹುಟ್ಟಿತು.

ಯಾಕೆ ಹತ್ತಲಿಲ್ಲ

ಮೊದಲು ಶಕ್ತಿಯ ಲೆಕ್ಕ ನೋಡೋಣ. ಗಾಳಿಯಲ್ಲಿರುವ ಶಕ್ತಿ ಎಂದರೆ ಗಾಳಿಯ ಸಾಂದ್ರತೆಯ ಅರ್ಧ, ರೆಕ್ಕೆ ಸುತ್ತುವ ವಿಸ್ತೀರ್ಣ, ವೇಗದ ಘನ, ಈ ಮೂರರ ಗುಣಲಬ್ಧ. 40 ಸೆಂ.ಮೀ. ವ್ಯಾಸದ ಚಕ್ರದ ವಿಸ್ತೀರ್ಣ ಸುಮಾರು 0.126 ಚದರ ಮೀಟರ್. ಫ್ಯಾನಿನ ಗಾಳಿ ಸೆಕೆಂಡಿಗೆ 4 ಮೀಟರ್ ಎಂದಿಟ್ಟುಕೊಂಡರೆ, 0.5 × 1.2 × 0.126 × 64, ಅಂದರೆ ಸುಮಾರು 4.8 ವ್ಯಾಟ್. ಕೈಯಲ್ಲಿ ಕತ್ತರಿಸಿದ ರೆಕ್ಕೆ ಇದರಲ್ಲಿ ಹತ್ತನೇ ಒಂದು ಭಾಗ ಹಿಡಿದರೂ ಅರ್ಧ ವ್ಯಾಟ್ ಆಯಿತು, ಮೋಟಾರಿನಲ್ಲಿ ಅರ್ಧ ಸೋರಿದರೂ ಕಾಲು ವ್ಯಾಟ್. ಕೆಂಪು ಎಲ್‌ಇಡಿ ಚೆನ್ನಾಗಿ ಬೆಳಗಲು 2 ವೋಲ್ಟ್, 20 ಮಿಲಿಆಂಪಿಯರ್, ಅಂದರೆ 0.04 ವ್ಯಾಟ್ ಸಾಕು. ಶಕ್ತಿಗೆ ಕೊರತೆ ಇರಲಿಲ್ಲ.

ಕೊರತೆ ಇದ್ದದ್ದು ವೋಲ್ಟೇಜಿಗೆ. ಮೋಟಾರನ್ನು ಜನರೇಟರ್ ಮಾಡಿದಾಗ ಹುಟ್ಟುವ ವೋಲ್ಟೇಜು ಅದು ತಿರುಗುವ ವೇಗಕ್ಕೆ ಸರಿಯಾಗಿ ಏರುತ್ತದೆ. ಆಟಿಕೆ ಮೋಟಾರ್ 3 ವೋಲ್ಟಿಗೆ ನಿಮಿಷಕ್ಕೆ ಸುಮಾರು 12,000 ಸುತ್ತು ಓಡುವಂಥದ್ದು. ಅಂದರೆ ನಿಮಿಷಕ್ಕೆ ಒಂದು ಸುತ್ತಿನ ವೇಗಕ್ಕೆ 0.25 ಮಿಲಿವೋಲ್ಟ್. ನಮ್ಮ 40 ಸೆಂ.ಮೀ. ಚಕ್ರದ ರೆಕ್ಕೆಯ ತುದಿ ಗಾಳಿಯ ಎರಡು ಪಟ್ಟು ವೇಗದಲ್ಲಿ ಹೋದರೆ ಚಕ್ರ ನಿಮಿಷಕ್ಕೆ 380 ಸುತ್ತಿನ ಆಸುಪಾಸು ತಿರುಗುತ್ತದೆ. ಸಿಗುವುದು ಹೆಚ್ಚುಕಡಿಮೆ 0.1 ವೋಲ್ಟ್. ಕೆಂಪು ಎಲ್‌ಇಡಿ ಕಣ್ಣು ಬಿಡುವುದೇ 1.8 ವೋಲ್ಟಿನ ಸುತ್ತ, ಬಿಳಿಯದಕ್ಕೆ 3 ವೋಲ್ಟ್ ಬೇಕು. ಫ್ಯಾನನ್ನು ಎಷ್ಟೇ ಹತ್ತಿರ ತಂದರೂ ಆ ಅಂತರ ತುಂಬುವುದಿಲ್ಲ. ಕಿಟ್ ಕೊಂಡಾಗ ಯಾರೂ ಈ ಎರಡು ಸಾಲಿನ ಲೆಕ್ಕ ಹಾಕಿರಲಿಲ್ಲ, ಯಾರೂ ಕಾಲೇಜಿನಲ್ಲಿ ಒಮ್ಮೆ ಕಟ್ಟಿ ನೋಡಿರಲಿಲ್ಲ. ಇದು ಮೊದಲ ಭೇಟಿಯ ಅತಿ ದೊಡ್ಡ ತಪ್ಪು.

ಆ ಹುಡುಗಿಯ ಪ್ರಶ್ನೆಯ ಉತ್ತರವೂ ಇಲ್ಲಿಯೇ ಇದೆ. ಗುಡ್ಡದ ಮೇಲಿನ ದೊಡ್ಡ ಯಂತ್ರದ ರೆಕ್ಕೆ ನಿಮಿಷಕ್ಕೆ ಸುಮಾರು 10ರಿಂದ 20 ಸುತ್ತು ತಿರುಗುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ ಜಾಲಕ್ಕೆ ನಾಲ್ಕು ಧ್ರುವದ (ಅಂದರೆ ಅಯಸ್ಕಾಂತದ ಎರಡು ಉತ್ತರ, ಎರಡು ದಕ್ಷಿಣ ತುದಿಯ) ಜನರೇಟರ್ ಜೋಡಿಸಬೇಕಾದರೆ ಅದು ನಿಮಿಷಕ್ಕೆ 1500 ಸುತ್ತಿನ ಆಸುಪಾಸು ಓಡಬೇಕು. ನಡುವೆ ನೂರು ಪಟ್ಟು ವೇಗ ಏರಿಸುವ ಗೇರ್‌ಬಾಕ್ಸ್ ಕೂತಿರುತ್ತದೆ. ಗೇರ್‌ಬಾಕ್ಸ್ ಇಲ್ಲದ ಯಂತ್ರಗಳೂ ಇವೆ. ಅವುಗಳಲ್ಲಿ ಜನರೇಟರನ್ನೇ ಅಗಲವಾಗಿ ಮಾಡಿ, ಬಹಳಷ್ಟು ಧ್ರುವ ಕೂರಿಸಿ, ನಿಧಾನವಾಗಿ ತಿರುಗಿದರೂ ಸಾಕಾಗುವಂತೆ ಮಾಡಿರುತ್ತಾರೆ. ಮಕ್ಕಳ ಮೇಜಿನ ಮೇಲಿನ ತೊಡಕು ಮತ್ತು ಗುಡ್ಡದ ಮೇಲಿನ ತೊಡಕು ಎರಡೂ ಒಂದೇ: ರೆಕ್ಕೆ ನಿಧಾನ, ಜನರೇಟರಿಗೆ ಅವಸರ. ಇಷ್ಟು ಒಳ್ಳೆಯ ಪಾಠ ಕೈಗೆ ಬಂದು, ಊಟದ ಗಂಟೆಗೆ ಜಾರಿಹೋಗಿತ್ತು.

ಎರಡನೆಯ ಭೇಟಿಯ ತಯಾರಿ

ಮೂರು ವಾರ ಬಿಟ್ಟು ಹೋಗುವುದೆಂದಾಯಿತು. ಒಂದು ವಾರ ಮೊದಲು ತಂಡದ ಇಬ್ಬರು ಬರಿಗೈಯಲ್ಲಿ ಶಾಲೆಗೆ ಹೋಗಿ ಕೋಣೆ ನೋಡಿ ಬಂದರು. ಎಷ್ಟು ಪ್ಲಗ್ ಪಾಯಿಂಟ್ ಕೆಲಸ ಮಾಡುತ್ತವೆ, ಎಕ್ಸ್‌ಟೆನ್ಶನ್ ಬೋರ್ಡಿನ ವೈರು ಎಷ್ಟು ಉದ್ದ ಬೇಕು, ಕರೆಂಟು ಯಾವ ಹೊತ್ತಿಗೆ ಹೋಗುತ್ತದೆ, ಮಕ್ಕಳು ಬೆಂಚಿನ ಮೇಲೋ ನೆಲದ ಮೇಲೋ, ಇವನ್ನು ಫೋನಿನಲ್ಲಿ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ವಿಜ್ಞಾನ ಶಿಕ್ಷಕರ ಜತೆ ಕೂತು ಸಮಯವನ್ನೂ ಬದಲಿಸಿದರು: ಬೆಳಿಗ್ಗೆ 10.30ರಿಂದ 1, ಊಟ ಮುಗಿಸಿ 2ರಿಂದ 3.30. ಒಟ್ಟು ನಾಲ್ಕು ತಾಸು. ಇದಕ್ಕಿಂತ ಕಡಿಮೆ ಸಮಯದಲ್ಲಿ ಕಟ್ಟಿ, ಕೆಟ್ಟು, ಮತ್ತೆ ಕಟ್ಟುವುದು ಆಗದ ಮಾತು.

ಮೋಟಾರ್ ಹುಡುಕುವುದೇ ತಯಾರಿಯ ಮುಖ್ಯ ಭಾಗವಾಯಿತು. ಹಳದಿ ಬಣ್ಣದ ಗೇರ್ ಮೋಟಾರ್ ಸುಲಭವಾಗಿ ಸಿಗುತ್ತದೆ. ಅದರ ಗೇರು 1:48, ಕೈಯಿಂದ ತಿರುವಿದರೆ ಎಲ್‌ಇಡಿ ಜಗ್ಗನೆ ಹತ್ತುತ್ತದೆ. ಆದರೆ ರೆಕ್ಕೆಯ ಕಡೆಯಿಂದ ತಿರುಗಿಸಲು ಅದರ ಗೇರು ಬಹಳ ಬಿಗಿ. ಫ್ಯಾನಿನ ಗಾಳಿಗೆ ಸಣ್ಣ ರೆಕ್ಕೆ ಅಲುಗುವುದೇ ಇಲ್ಲ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರ್ ನಿಧಾನ ವೇಗದಲ್ಲೂ ಒಳ್ಳೆಯ ವೋಲ್ಟೇಜು ಕೊಡುತ್ತದೆ, ಆದರೆ ಅಯಸ್ಕಾಂತದ ಹಿಡಿತದಿಂದ ತಡೆದು ತಡೆದು ತಿರುಗುತ್ತದೆ, ತಾನಾಗಿ ಹೊರಡಲು ಕಷ್ಟ. ಕೊನೆಗೆ ಸರಿಹೋದದ್ದು ಗುಜರಿಗೆ ಹಾಕಿದ ಪ್ರಿಂಟರುಗಳ ಡಿಸಿ ಮೋಟಾರ್. 24 ವೋಲ್ಟಿಗೆ 4000 ಸುತ್ತಿನ ಮೋಟಾರ್ ಎಂದರೆ ಸುತ್ತಿಗೆ 6 ಮಿಲಿವೋಲ್ಟ್. 380 ಸುತ್ತಿಗೆ 2.3 ವೋಲ್ಟ್. ಕೆಂಪು ಎಲ್‌ಇಡಿಗೆ ಅಷ್ಟು ಸಾಕು, ಬಿಳಿಗೆ ಸಾಲದು. ಮೋಟಾರಿನ ಮೇಲೆ ಚೀಟಿ ಇಲ್ಲದಿದ್ದರೆ ಪರೀಕ್ಷೆ ಸುಲಭ: ಕೆಂಪು ಎಲ್‌ಇಡಿ ಕಟ್ಟಿ, ಶಾಫ್ಟನ್ನು ಎರಡು ಬೆರಳಲ್ಲಿ ಚುರುಕಾಗಿ ತಿರುವಿ ಬಿಡಬೇಕು. ದೀಪ ಮಿಣುಕಿದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬಿಡಿ.

ನಾಲ್ವರಿಗೊಂದು ಗುಂಪು, 12 ಗುಂಪು. ಹಾಗಾಗಿ 12 ಮೋಟಾರ್, ಬದಲಿಗೆ 3. ಪ್ರತಿ ಗುಂಪಿನ ಚೀಲದಲ್ಲಿ 3 ಮಿ.ಮೀ. ಸನ್‌ಬೋರ್ಡಿನ (ಹಗುರವಾದ ಫೋಮ್ ಹಾಳೆ) 20 × 30 ಸೆಂ.ಮೀ. ತುಂಡು ಎರಡು, 20 ಸೆಂ.ಮೀ. ಬಿದಿರಿನ ಕಡ್ಡಿ 8, ಕೆಂಪು ಎಲ್‌ಇಡಿ 3, ಅರ್ಧ ಮೀಟರಿನ ಎರಡೆಳೆ ವೈರು, 50 ಸೆಂ.ಮೀ. ಮರದ ಪಟ್ಟಿ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ 4, ಟೇಪಿನ ಸುರುಳಿ ಒಂದು. ಬುಡಕ್ಕೆ ಶಾಲೆಯ ಅಂಗಳದ್ದೇ ಇಟ್ಟಿಗೆ. ಕೋನಮಾಪಕ ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ.

ರೆಕ್ಕೆಯ ಕಡ್ಡಿಗಳನ್ನು ಸಿಕ್ಕಿಸುವ ನಡುವಿನ ಬಿಲ್ಲೆಗೆ ಹಳೆಯ ಹವಾಯಿ ಚಪ್ಪಲಿಗಿಂತ ಒಳ್ಳೆಯ ವಸ್ತು ಇಲ್ಲ. 6 ಸೆಂ.ಮೀ. ಅಗಲದ ದುಂಡು ಕತ್ತರಿಸಿ, ನಡುವೆ ಮೋಟಾರಿನ ಪುಟ್ಟ ಹಲ್ಲುಗಾಲಿಗಿಂತ ಚೂರು ಸಣ್ಣ ತೂತು ಮಾಡಿ ಒತ್ತಿದರೆ ಹಲ್ಲುಗಳು ರಬ್ಬರನ್ನು ಕಚ್ಚಿ ಹಿಡಿಯುತ್ತವೆ. ಅಂಚಿನಲ್ಲಿ ದಬ್ಬಣದಿಂದ ತೂತು ಮಾಡಿ ಬಿದಿರ ಕಡ್ಡಿ ಚುಚ್ಚಿದರೆ ಅದು ಬಿಗಿಯಾಗಿಯೂ ಇರುತ್ತದೆ, ಬೇಕಾದಾಗ ತಿರುವಿ ಕೋನ ಬದಲಿಸಲೂ ಬರುತ್ತದೆ. ಈ ಬಿಲ್ಲೆಗಳನ್ನು ಕಾಲೇಜಿನಲ್ಲೇ ಕತ್ತರಿಸಿಕೊಂಡು ಬಂದರು. ಮಕ್ಕಳ ಕೈಗೆ ಹರಿತವಾದ ಕಟರ್ ಕೊಡುವಷ್ಟು ಕಣ್ಣುಗಳು ತಂಡದಲ್ಲಿ ಇರಲಿಲ್ಲ. ಸನ್‌ಬೋರ್ಡ್ ಮಾತ್ರ ಕತ್ತರಿಗೆ ಬಗ್ಗುತ್ತದೆ, ಅದು ಮಕ್ಕಳದ್ದೇ ಕೆಲಸ.

ಹೋದವರು 9 ವಿದ್ಯಾರ್ಥಿಗಳು, ಇಬ್ಬರು ಅಧ್ಯಾಪಕರು. ಆರು ಮಂದಿ ಎರಡೆರಡು ಗುಂಪು ನೋಡಿಕೊಳ್ಳಬೇಕು, ಮೂವರು ಮೂರು ಫ್ಯಾನುಗಳ ಬಳಿ ನಿಲ್ಲಬೇಕು. ಅವರಲ್ಲಿ ಕೆಲವರು ಪದವಿಗೆ ಬೇಕಾದ ಆಕ್ಟಿವಿಟಿ ಪಾಯಿಂಟಿಗಾಗಿ ಹೆಸರು ಕೊಟ್ಟವರು. ಅದರಲ್ಲಿ ತಪ್ಪಿಲ್ಲ. ಆದರೆ ಶಾಲೆಗೆ ಹೋಗುವ ಮುನ್ನ ಪ್ರತಿಯೊಬ್ಬರೂ ಇದೇ ಸಾಮಾನಿನಲ್ಲಿ ಒಂದು ಗಾಳಿಯಂತ್ರ ಕಟ್ಟಿ, ದೀಪ ಹತ್ತಿಸಿರಬೇಕು ಎಂಬ ನಿಯಮ ಮಾಡಿದ್ದು ಬಹಳ ಉಪಕಾರಕ್ಕೆ ಬಂತು. ಇನ್ನೊಂದು ನಿಯಮ ಮಾತಿನದು: ಮಕ್ಕಳ ಕೈಯಿಂದ ಸಾಮಾನು ಕಸಿದು ತಾವೇ ಸರಿಮಾಡಬಾರದು, ಕೇಳಬಹುದು, ತೋರಿಸಬಹುದು, ಮುಟ್ಟುವುದು ಮಗುವೇ.

ಎರಡನೆಯ ದಿನ

ಪ್ರೊಜೆಕ್ಟರ್ ಒಯ್ಯಲಿಲ್ಲ. ಹಿಂದಿನ ಸಲದ ಪ್ರಶ್ನೆಯನ್ನೇ, ಆ ಹುಡುಗಿಯ ಮಾತಿನಲ್ಲೇ, ಹಲಗೆಯ ಮೇಲೆ ಬರೆದು ದಿನ ಶುರುವಾಯಿತು. ಆಟಿಕೆ ಮೋಟಾರ್ ಒಂದು, ಪ್ರಿಂಟರ್ ಮೋಟಾರ್ ಒಂದು ಕೈಯಿಂದ ಕೈಗೆ ಹೋದವು. ಎರಡನ್ನೂ ಬೆರಳಲ್ಲಿ ತಿರುವಿ, ವೋಲ್ಟೇಜು ಅಳೆಯುವ ಮಲ್ಟಿಮೀಟರಿನಲ್ಲಿ ಅಂಕಿ ನೋಡಿದ ಮೇಲೆ "ಮೋಟಾರ್ ಬ್ಯಾರೆ ಬ್ಯಾರೆ ಇರತಾವು" ಎಂಬುದನ್ನು ಯಾರೂ ವಿವರಿಸಬೇಕಾಗಲಿಲ್ಲ.

10.50ರಿಂದ ಅರ್ಧ ತಾಸು ಮೊದಲ ಚಕ್ರ. ಯಾವ ಆಕಾರ, ಎಷ್ಟು ರೆಕ್ಕೆ, ಯಾವ ಕೋನ ಎಂದು ಬೇಕೆಂದೇ ಹೇಳಲಿಲ್ಲ. ಬಹುತೇಕ ಗುಂಪುಗಳು ರೆಕ್ಕೆಯನ್ನು ಗಾಳಿಗೆ ಎದೆಯೊಡ್ಡಿ ಚಪ್ಪಟೆಯಾಗಿ ನಿಲ್ಲಿಸಿದವು, "ಗಾಳಿ ಜಾಸ್ತಿ ಬಡೀಬೇಕಲ್ರೀ" ಎಂಬ ತರ್ಕದಲ್ಲಿ. ಗಾಳಿ ಬಡಿಯಿತು, ಕಂಬ ವಾಲಿತು, ಚಕ್ರ ಅಲುಗಲಿಲ್ಲ. ಇನ್ನೆರಡು ಗುಂಪಿನಲ್ಲಿ ಒಂದೊಂದು ರೆಕ್ಕೆ ಒಂದೊಂದು ದಿಕ್ಕಿಗೆ ವಾಲಿದ್ದವು. ಒಂದು ತಳ್ಳಿದ್ದನ್ನು ಇನ್ನೊಂದು ತಡೆಯಿತು. ಅರ್ಧ ತಾಸು ಇದಕ್ಕೇ ಹೋಗಲಿ ಎಂದು ಯೋಜನೆಯಲ್ಲೇ ಇತ್ತು. ಮೊದಲೇ "20 ಡಿಗ್ರಿ ಇಡ್ರಿ" ಎಂದಿದ್ದರೆ ಎಲ್ಲರ ದೀಪವೂ ಬೇಗ ಹತ್ತುತ್ತಿತ್ತು, ಯಾರಿಗೂ ಯಾಕೆಂದು ತಿಳಿಯುತ್ತಿರಲಿಲ್ಲ.

ಆಮೇಲೆ ಹಲಗೆಯ ಮೇಲೆ ಒಂದೇ ಸೂಚನೆ ಬಂತು: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ ಮೇಲೆ ಅಳೆದು ಬರೆಯಿರಿ. ಕೋನ, ರೆಕ್ಕೆಯ ಸಂಖ್ಯೆ, ಉದ್ದ, ವೋಲ್ಟ್ ಎಂದು ನಾಲ್ಕು ಕಂಬದ ಕೋಷ್ಟಕ. ಕೋನವನ್ನು ಚಕ್ರ ತಿರುಗುವ ಸಮತಲದಿಂದ ಅಳೆಯಬೇಕು ಎಂಬುದನ್ನು ಕೈಯಲ್ಲಿ ಹಿಡಿದೇ ತೋರಿಸಬೇಕಾಯಿತು, ಬಾಯಲ್ಲಿ ಹೇಳಿದರೆ ಅರ್ಧ ಮಕ್ಕಳು ಗಾಳಿಯ ದಿಕ್ಕಿನಿಂದ ಅಳೆಯುತ್ತಾರೆ. 45 ಡಿಗ್ರಿಯಲ್ಲಿ ಚಕ್ರ ಸುಲಭವಾಗಿ ಹೊರಡುತ್ತದೆ, ಆದರೆ ನಿಧಾನ. 10 ಡಿಗ್ರಿಯಲ್ಲಿ ಕೈಯಿಂದ ತಳ್ಳಿ ಬಿಟ್ಟರೆ ಜೋರಾಗಿ ಓಡುತ್ತದೆ, ತಾನಾಗಿ ಹೊರಡುವುದಿಲ್ಲ. 15ರಿಂದ 25ರ ನಡುವೆ ಎರಡೂ ಕೂಡಿಬರುತ್ತವೆ. ಇಲ್ಲಿ ಕೆಲವು ಗುಂಪುಗಳು 10 ಡಿಗ್ರಿ ಇಟ್ಟು ಕೈಯಿಂದ ಚಾಲೂ ಮಾಡುವುದನ್ನೇ ಆರಿಸಿಕೊಂಡವು. ಅದೂ ಸರಿಯಾದ ಎಂಜಿನಿಯರಿಂಗ್ ನಿರ್ಧಾರವೇ, ಕಾರಣ ಹೇಳಲು ಬಂದರೆ ಆಯಿತು.

ಕೆಟ್ಟದ್ದರ ಪಟ್ಟಿ ದೊಡ್ಡದು, ಮುಖ್ಯವಾದವನ್ನು ಹೇಳುತ್ತೇವೆ. ಚಕ್ರ ನಡುಗಿ ಕಂಬ ಕುಣಿಯುತ್ತಿದ್ದರೆ ಒಂದು ರೆಕ್ಕೆ ಭಾರ ಎಂದರ್ಥ. ಫ್ಯಾನ್ ಆರಿಸಿ ನಾಲ್ಕೈದು ಸಲ ತಿರುವಿ ಬಿಟ್ಟಾಗ ಪ್ರತಿ ಸಲವೂ ಅದೇ ರೆಕ್ಕೆ ಕೆಳಗೆ ಬಂದು ನಿಂತರೆ, ಎದುರು ರೆಕ್ಕೆಗಳ ಬೆನ್ನಿಗೆ ಟೇಪು ಸುತ್ತುತ್ತ ಹೋಗಬೇಕು. ಚಕ್ರ ಚೆನ್ನಾಗಿ ಓಡಿಯೂ ದೀಪ ಹತ್ತದಿದ್ದರೆ ಎಲ್‌ಇಡಿ ತಿರುವುಮುರುವಾಗಿರುತ್ತದೆ. ರೆಕ್ಕೆಯ ವಾಲು ಬದಲಾದರೆ ತಿರುಗುವ ದಿಕ್ಕು ಬದಲಾಗುತ್ತದೆ, ಅದರೊಂದಿಗೆ ಪ್ಲಸ್ ಮೈನಸ್ ಕೂಡ. ಎರಡು ಕೆಂಪು ಎಲ್‌ಇಡಿಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಅಕ್ಕಪಕ್ಕ ಕಟ್ಟಿದರೆ ಯಾವ ಕಡೆ ತಿರುಗಿದರೂ ಒಂದು ಹತ್ತಿಯೇ ಹತ್ತುತ್ತದೆ, ಚೀಲದಲ್ಲಿ ಮೂರು ಎಲ್‌ಇಡಿ ಇಟ್ಟದ್ದು ಇದಕ್ಕಾಗಿ. ಮಲ್ಟಿಮೀಟರಿನ ಕೆಂಪು ವೈರು 10 ಆಂಪಿಯರಿನ ತೂತಿಗೆ ಹೋಗಿದ್ದರೆ ಅಂಕಿ ಸೊನ್ನೆ ತೋರಿಸುವುದಷ್ಟೇ ಅಲ್ಲ, ಮೋಟಾರಿನ ತುದಿಗಳು ಕೂಡಿಹೋಗಿ ಚಕ್ರಕ್ಕೆ ಬ್ರೇಕು ಬಿದ್ದಂತಾಗುತ್ತದೆ. ಆ ತೂತಿಗೆ ಮೊದಲೇ ಟೇಪು ಅಂಟಿಸಿ, ಗುಂಡಿಯನ್ನು ಡಿಸಿ 20 ವೋಲ್ಟಿಗೆ ಇಟ್ಟು ಕೊಡಬೇಕು.

ಫ್ಯಾನಿನ ನಡುಭಾಗದ ಮುಂದೆ ಗಾಳಿ ಸತ್ತಿರುತ್ತದೆ. ತೀರ ಹತ್ತಿರ ಹಿಡಿದರೆ ಚಕ್ರದ ನಡುವಿಗೆ ಏನೂ ಸಿಗುವುದಿಲ್ಲ, ಆದ್ದರಿಂದ 1 ಮೀಟರ್ ದೂರಕ್ಕೆ ಸೀಮೆಸುಣ್ಣದ ಗೆರೆ ಹಾಕಿ ಎಲ್ಲರೂ ಅಲ್ಲಿಯೇ ಅಳೆಯುವಂತೆ ಮಾಡಿದರು. ಚಕ್ರದ ಎರಡೂ ಪಕ್ಕಕ್ಕೆ ಇನ್ನೊಂದು ಗೆರೆ. ಕಡ್ಡಿ ಕಿತ್ತು ಹಾರಿದರೆ ಅದು ಹೋಗುವುದು ಪಕ್ಕಕ್ಕೆ. ಆ ಸಾಲಿನಲ್ಲಿ ಯಾರ ಮುಖವೂ ಇರಕೂಡದು, ಫ್ಯಾನಿನ ಬಳಿ ಇರುವವರಿಗೆ ಕನ್ನಡಕ ಕಡ್ಡಾಯ. ಕೋನ ಗಟ್ಟಿಯಾದ ಮೇಲೆ ಕಡ್ಡಿಯ ಬುಡಕ್ಕೆ ತಂಡದವರು ಫೆವಿಕ್ವಿಕ್ ಒಂದು ಹನಿ ಹಾಕಿಕೊಟ್ಟರು.

11.40ರ ಹೊತ್ತಿಗೆ ಕರೆಂಟು ಹೋಯಿತು. ಇದನ್ನು ನಿರೀಕ್ಷಿಸಿಯೇ ಇನ್ವರ್ಟರು, ಬ್ಯಾಟರಿ ತಂದಿದ್ದರು. ಫ್ಯಾನಿಗೆ 60 ವ್ಯಾಟ್ ಆಸುಪಾಸು ಬೇಕಾಗುವುದರಿಂದ ಎರಡು ಫ್ಯಾನ್ ಅದರ ಮೇಲೆ ಓಡಿದವು. ಮೂರನೆಯ ಫ್ಯಾನಿನ ಸರದಿಯ ನಾಲ್ಕು ಗುಂಪು ಅಂಗಳಕ್ಕೆ ಹೋದವು. ಅಲ್ಲಿ ಗಾಳಿ ಬಂದಾಗ ವೋಲ್ಟೇಜು ನೆಗೆದು, ನಿಂತಾಗ ಸೊನ್ನೆಗೆ ಇಳಿಯಿತು. ಒಂದು ಅಂಕಿ ಬರೆಯಲು ಆಗದೆ ಮಕ್ಕಳು ಒದ್ದಾಡಿದರು; ಆ ಒದ್ದಾಟವೇ ಗಾಳಿಯ ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟಾಗುತ್ತದೆ ಎಂಬ ಮಾತಿಗೆ ಬಾಗಿಲು ತೆರೆಯಿತು.

ಊಟವಾದ ಮೇಲೆ ಗೇರಿನ ಪಾಠ, ಅದಕ್ಕೆ ಅಂಗಳದಲ್ಲಿ ನಿಂತಿದ್ದ ಸೈಕಲ್. ಮುಂದಿನ ಹಲ್ಲುಗಾಲಿಯ ಹಲ್ಲು ಎಣಿಸಿ, ಹಿಂದಿನದನ್ನು ಎಣಿಸಿ, ಪೆಡಲ್ ಒಂದು ಸುತ್ತಿಗೆ ಹಿಂದಿನ ಗಾಲಿ ಎಷ್ಟು ಸುತ್ತು ಎಂದು ಕೈಯಿಂದ ತಿರುವಿ ನೋಡಿದರು. 44 ಮತ್ತು 18 ಹಲ್ಲಿನ ಸೈಕಲ್ಲಿನಲ್ಲಿ ಅದು ಸುಮಾರು ಎರಡೂವರೆ. ಆಮೇಲೆ ಆಟಿಕೆ ಮೋಟಾರನ್ನೇ ಮತ್ತೆ ಕೊಟ್ಟು, ಎರಡು ಹಳೆಯ ಸಿಡಿಗಳ ನಡುವೆ ಚೂರು ಸಣ್ಣ ರಟ್ಟಿನ ಬಿಲ್ಲೆ ಅಂಟಿಸಿ ಮಾಡಿದ ಕಪ್ಪಿ, ರಬ್ಬರ್ ಬ್ಯಾಂಡು ಕೊಟ್ಟರು. 12 ಸೆಂ.ಮೀ. ಕಪ್ಪಿಯಿಂದ 1 ಸೆಂ.ಮೀ. ಕಪ್ಪಿಗೆ ಹನ್ನೆರಡು ಪಟ್ಟು ವೇಗ, 0.1 ವೋಲ್ಟ್ ಲೆಕ್ಕದಲ್ಲಿ 1.2 ಆಗಬೇಕು. ರಬ್ಬರಿನ ತಿಕ್ಕಾಟದಲ್ಲಿ ಚಕ್ರ ನಿಧಾನವಾಗಿ ಅಷ್ಟೂ ಸಿಗಲಿಲ್ಲ, ದೀಪವೂ ಹತ್ತಲಿಲ್ಲ. ಆದರೆ ಮೀಟರಿನ ಅಂಕಿ ಎಷ್ಟೋ ಪಟ್ಟು ಏರಿದ್ದನ್ನು ಕಂಡು, ಹಲಗೆಯ ಮೇಲಿನ ಪ್ರಶ್ನೆಗೆ ಉತ್ತರ ಮಕ್ಕಳಿಂದಲೇ ಬಂತು: "ಆ ದೊಡ್ಡ ಫ್ಯಾನಿನ ಒಳಗೂ ಸೈಕಲ್ ಗಾಲಿ ಇದ್ದಂಗ ಇರಬೇಕ್ರೀ."

ಯಾರ ಕೈ, ಯಾರ ಬರಹ

ಮೊದಲ ಭೇಟಿಯ ಫೋಟೋಗಳನ್ನು ನೋಡಿದಾಗ ಒಂದು ಸಂಗತಿ ಎದ್ದು ಕಂಡಿತ್ತು. ಹುಡುಗ ಹುಡುಗಿಯರು ಕೂಡಿದ್ದ ಗುಂಪುಗಳಲ್ಲೆಲ್ಲ ಸ್ಕ್ರೂಡ್ರೈವರ್ ಹುಡುಗರ ಕೈಯಲ್ಲಿ, ವಹಿ ಪೆನ್ನು ಹುಡುಗಿಯರ ಕೈಯಲ್ಲಿ. ಯಾರೂ ಹಾಗೆ ಮಾಡಿರೆಂದು ಹೇಳಿರಲಿಲ್ಲ. ಹೇಳದೆ ಬಿಟ್ಟರೆ ಹಾಗೆಯೇ ಆಗುತ್ತದೆ. ಎರಡನೆಯ ಸಲ ನಾಲ್ಕು ಕೆಲಸಕ್ಕೆ ನಾಲ್ಕು ಬಣ್ಣದ ಚೀಟಿ ಬಂತು: ಕತ್ತರಿಸುವುದು, ಜೋಡಿಸುವುದು, ಅಳೆಯುವುದು, ಬರೆಯುವುದು. ಪ್ರತಿ ಅಳತೆ ಮುಗಿದ ಕೂಡಲೇ ಚೀಟಿ ಬಲಕ್ಕೆ ದಾಟಬೇಕು. ಗುಂಪು ಆರರಿಂದ ನಾಲ್ಕಕ್ಕೆ ಇಳಿದದ್ದೂ ಇದೇ ಕಾರಣಕ್ಕೆ. ಆರು ಜನರಿದ್ದರೆ ಇಬ್ಬರು ಬರೀ ನೋಡುತ್ತ ನಿಲ್ಲುತ್ತಾರೆ, ಆ ಇಬ್ಬರು ಯಾವಾಗಲೂ ಮೆತ್ತಗಿನವರೇ ಆಗಿರುತ್ತಾರೆ.

ಕೊನೆಯ ಇಪ್ಪತ್ತು ನಿಮಿಷ ಮಕ್ಕಳ ಪ್ರಶ್ನೆಗೆ ಮೀಸಲು. "ಇದನ್ನ ಓದಾಕ ಏನ್ ಮಾಡ್ಬೇಕ್ರೀ ಅಕ್ಕಾ?" ಎಂಬುದಕ್ಕೆ ಸರಿಯಾದ ದಾರಿ ಹೇಳುವುದು ಡ್ರೋನ್ ಹಾರಿಸುವುದಕ್ಕಿಂತ ದೊಡ್ಡ ಸೇವೆ. ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ವರ್ಷದ ಡಿಪ್ಲೊಮಾ ಮಾಡಿದರೆ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರ ಸೇರಬಹುದು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ತೆಗೆದುಕೊಂಡು ಸಿಇಟಿ ಬರೆಯುವುದು ಇನ್ನೊಂದು ದಾರಿ. ಬೇಗ ಕೆಲಸ ಬೇಕಿದ್ದರೆ ಐಟಿಐ ಇದೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟಿನಲ್ಲಿ ಬೇರೆ ಬೇರೆ ಮೀಸಲಾತಿ ಇದೆ, ಅದಕ್ಕೆ ಶಾಲೆಯ ಪ್ರಮಾಣಪತ್ರ ಬೇಕು ಎಂಬುದನ್ನು ಆ ಕೋಣೆಯಲ್ಲಿ ಹೆಚ್ಚಿನವರು ಮೊದಲ ಸಲ ಕೇಳುತ್ತಿದ್ದರು. ಇದನ್ನು ಹೇಳಿದ್ದು ಕನ್ನಡ ಮಾಧ್ಯಮದಲ್ಲೇ ಓದಿ ಬಂದಿದ್ದ ವಿದ್ಯಾರ್ಥಿನಿ. ಪ್ರಾಧ್ಯಾಪಕರು ಹೇಳಿದ್ದಕ್ಕಿಂತ ಅವಳ ಮಾತಿಗೆ ಮಕ್ಕಳು ಹೆಚ್ಚು ಕಿವಿಗೊಟ್ಟರು.

ಶಾಲೆಯಲ್ಲಿ ಉಳಿದದ್ದು

ಮೊದಲ ಭೇಟಿಯಲ್ಲಿ ಎಲ್ಲ ಸಾಮಾನೂ ವ್ಯಾನು ಹತ್ತಿ ವಾಪಸು ಹೋಗಿತ್ತು. ಈ ಸಲ ಮಕ್ಕಳು ಕಟ್ಟಿದ 12 ಯಂತ್ರ, 3 ಬದಲಿ ಮೋಟಾರ್, 2 ಮಲ್ಟಿಮೀಟರ್, ಕೆಂಪು ಎಲ್‌ಇಡಿಗಳ ಪೊಟ್ಟಣ, 6 ಬಿಲ್ಲೆ, ಸಿಡಿ ಕಪ್ಪಿ ಎರಡು ಒಂದು ತಗಡಿನ ಪೆಟ್ಟಿಗೆಯಲ್ಲಿ ಶಾಲೆಯಲ್ಲೇ ಉಳಿದವು. ಮುಚ್ಚಳದ ಒಳಗೆ ಮೇಲಿನ ದೋಷಗಳ ಪಟ್ಟಿ ದಪ್ಪ ಅಕ್ಷರದಲ್ಲಿ ಅಂಟಿಸಿದೆ. ಬೀಗದ ಕೈ ಕಪಾಟಿನೊಳಗೆ ಅಲ್ಲ, ವಿಜ್ಞಾನ ಶಿಕ್ಷಕರ ಬಳಿ. ಮರುವರ್ಷ ಅದೇ ಮಕ್ಕಳಿಗೆ ವಿದ್ಯುತ್ತಿನ ಪಾಠ ಬಂದಾಗ ಅವರೊಬ್ಬರೇ ಇದನ್ನು ನಡೆಸಬೇಕು. ಅದಕ್ಕೆಂದೇ ಎರಡನೆಯ ದಿನ ಒಂದು ಫ್ಯಾನಿನ ಬಳಿ ಅಳತೆಯ ಉಸ್ತುವಾರಿ ಅವರದೇ ಇತ್ತು. ಬೇಸಿಗೆ ರಜೆಗೆ ಮುನ್ನ ಮಲ್ಟಿಮೀಟರುಗಳ 9 ವೋಲ್ಟ್ ಬ್ಯಾಟರಿ ತೆಗೆದಿಡಬೇಕು, ಇಲ್ಲದಿದ್ದರೆ ಎರಡು ತಿಂಗಳ ಬಿಸಿಲಿಗೆ ಅದು ಸೋರಿ ಮೀಟರಿನ ಒಳಗಿನ ಲೋಹವನ್ನು ತಿಂದುಹಾಕಬಹುದು. ಮುಚ್ಚಳದ ಪಟ್ಟಿಯಲ್ಲಿ ಕೊನೆಯ ಸಾಲು ಅದೇ.